ಆಫ್ ಮೇಷ್ಟ್ರ ನಾಲ್ಕನೆಯ ಬ್ರೇಕರ್

ನನ್ನ ಮಾವನವರಿಗೆ ಊರು ಇಟ್ಟ ಹೆಸರು ಆಫ್ ಮೇಷ್ಟ್ರು. ಮನೆಯವರಾದ ನಾವು ಆ ಹೆಸರನ್ನು ಅವರ ಎದುರಿಗೆ ಎತ್ತುವುದಿಲ್ಲ, ಬೆನ್ನ ಹಿಂದೆ ಬೇರೆ ಹೆಸರು ಬಳಸುವುದಿಲ್ಲ. ತರಬೇತಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಮನೆ ವೈರಿಂಗ್ ಕಲಿಸಿದವರು ಅವರು. ಮೊದಲ ದಿನ ತರಗತಿಗೆ ಬಂದವರಿಗೆ ಹೇಳುತ್ತಿದ್ದ ಮೊದಲ ಮಾತು "ಮೊದಲು ಆಫ್". ಎರಡು ವರ್ಷ ಮುಗಿಸಿ ಹೊರಟವರ ಕೈಕುಲುಕುವಾಗ ಹೇಳುತ್ತಿದ್ದ ಕೊನೆಯ ಮಾತೂ ಅದೇ. ನಡುವೆ ಬೇರೇನು ಕಲಿಸಿದರೋ ನನಗೆ ಗೊತ್ತಿಲ್ಲ, ಊರಿನ ಎಲೆಕ್ಟ್ರಿಶಿಯನ್ನರಿಗೆಲ್ಲ ಇದೊಂದಂತೂ ಬಾಯಿಪಾಠವಾಗಿದೆ.

ಅವರ ನಿವೃತ್ತಿಯ ಸಮಾರಂಭಕ್ಕೆ ನಾನೂ ಹೋಗಿದ್ದೆ. ಅದೇ ದಿನ ಲೇತ್ ವಿಭಾಗದ ಮೇಷ್ಟ್ರೂ ನಿವೃತ್ತರಾಗುತ್ತಿದ್ದರು. ಅವರ ಎಡಗೈಯ ಒಂದು ಬೆರಳು ಅರ್ಧ ಇರಲಿಲ್ಲ. ಒಮ್ಮೆ ವರ್ಕ್‌ಶಾಪಿಗೆ ಬೆಂಕಿ ಬಿದ್ದಾಗ ಮೂವರನ್ನು ಹೊರಗೆ ಎಳೆದು ತಂದಿದ್ದರಂತೆ. ಬೆಂಕಿ ಬೀಳುವಂತೆ ಎಣ್ಣೆಬಟ್ಟೆ ಗುಡ್ಡೆ ಹಾಕಿಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ಭಾಷಣಕಾರರು ಒಬ್ಬರ ಮೇಲೊಬ್ಬರು ಬಂದು ಒಂದು ಗಂಟೆ ಆ ಬೆರಳನ್ನೂ ಆ ಬೆಂಕಿಯನ್ನೂ ಹೊಗಳಿದರು. ಆಮೇಲೆ ಪ್ರಾಂಶುಪಾಲರು ಎದ್ದು ಮಾವನ ಕಡೆ ತಿರುಗಿದರು. ತಲೆ ಕೆರೆದುಕೊಂಡರು. "ಇವರ ವಿಭಾಗದಲ್ಲಿ ಮೂವತ್ತೊಂದು ವರ್ಷ ಏನೂ ಆಗಲಿಲ್ಲ" ಎಂದರು. ಮುಂದೆ ಮಾತು ಸಿಗದೆ ಕೂತುಬಿಟ್ಟರು. ಮಾವ ಎದ್ದು ನಿಂತು ಕೈಮುಗಿದರು, ಅವರ ಕಣ್ಣಲ್ಲಿ ನೀರಿತ್ತು. ಪಕ್ಕದಲ್ಲಿದ್ದ ಅತ್ತೆಗೆ ಮಾತ್ರ ಅದು ಅವಮಾನವೆನಿಸಿ ಮೂರು ದಿನ ಮುಖ ಊದಿಸಿಕೊಂಡು ಓಡಾಡಿದರು.

ನಾನು ಸೊಸೆಯಾಗಿ ಬಂದ ಮೂರನೆಯ ದಿನ ಮಾವ ನನ್ನನ್ನು ಕರೆದು "ಬಾಮ್ಮ, ಮನೆ ತೋರಿಸ್ತೀನಿ" ಎಂದಿದ್ದರು. ಅಡುಗೆಮನೆಯನ್ನೋ ಅಟ್ಟವನ್ನೋ ತೋರಿಸುತ್ತಾರೆಂದು ಸೆರಗು ಸರಿಮಾಡಿಕೊಂಡು ಹೋದರೆ, ಹಜಾರದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿದ್ದ ಬ್ರೇಕರ್ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಒಂದು ಮೇನ್ ಸ್ವಿಚ್, ಅದರ ಪಕ್ಕ ಆರು ಬ್ರೇಕರು. ಒಂದೊಂದರ ಕೆಳಗೂ ಅಚ್ಚು ಹಾಕಿದ ಹಾಗೆ ಅವರ ಅಕ್ಷರ: ಹಜಾರ, ಅಡುಗೆಮನೆ, ಕೋಣೆಗಳು, ಬಚ್ಚಲ ಹೀಟರ್, ಹೀಗೆ. ಕೆಳಗೆ ನೆಲದ ಮೇಲೆ ರಬ್ಬರ್ ಚಾಪೆ. ಗೋಡೆಗೆ ಟಾರ್ಚು. ಯಾವ ಗಿಡದ ಬುಡಕ್ಕೂ ಇಷ್ಟು ಉಪಚಾರ ಆ ಮನೆಯಲ್ಲಿ ಆಗುತ್ತಿರಲಿಲ್ಲ.

"ಈ ನಾಲ್ಕನೇದು ನೋಡು" ಎಂದರು. ಬಚ್ಚಲ ಹೀಟರಿನ ಬ್ರೇಕರಿಗೆ ಮಾತ್ರ ಒಂದು ಸಣ್ಣ ಗುಂಡಿ ಹೆಚ್ಚಿಗೆ ಇತ್ತು. "ಉಳಿದವು ಲೋಡು ಜಾಸ್ತಿ ಆದ್ರೆ ತಾವೇ ಕೆಳಗೆ ಬಿದ್ದು ಕರೆಂಟು ಕಟ್ ಮಾಡ್ತವೆ. ಇದು ಹಾಗಲ್ಲ. ಕರೆಂಟು ಹೋಗಬಾರದ ದಾರೀಲಿ ಒಂಚೂರು ಹೋದ್ರೂ ಬೀಳತ್ತೆ. ನೀರಲ್ಲಿ, ಗೋಡೇಲಿ, ಮನುಷ್ಯನ ಮೈಯಲ್ಲಿ. ಗುಂಡಿ ಒತ್ತಿದ್ರೆ ಬೀಳಬೇಕು, ಆಗ ಅದು ಬದುಕಿದೆ ಅಂತ ಅರ್ಥ." ಹೇಳಿ ಗುಂಡಿ ಒತ್ತಿದರು. ಟಕ್ ಎಂದು ಬಿತ್ತು. ಮಗು ಮೊದಲ ಸಲ ಅಪ್ಪಾ ಎಂದಾಗ ಅರಳುವ ಹಾಗೆ ಅವರ ಮುಖ ಅರಳಿತು. ಪ್ರತಿ ತಿಂಗಳ ಒಂದನೇ ತಾರೀಕು ಅದನ್ನು ಒತ್ತುವುದು, ಅದು ಬೀಳುವುದು, ಇವರು ಅರಳುವುದು ತಪ್ಪಿದ್ದೇ ಇಲ್ಲ. ಯಾಕಿಷ್ಟು ಭಯ, ಹಿಂದೆ ಯಾರಿಗಾದರೂ ಏನಾದರೂ ಆಗಿತ್ತೇ ಎಂದು ನಾನು ಒಮ್ಮೆ ಕೇಳಿದೆ. ದೊಡ್ಡ ದುಃಖದ ಕಥೆಯೊಂದು ಹೊರಬೀಳುತ್ತದೆಂದು ಮೈಯೆಲ್ಲ ಕಿವಿಯಾಗಿ ಕೂತಿದ್ದೆ. "ಇಲ್ವಲ್ಲ, ಯಾರಿಗೂ ಏನೂ ಆಗಿಲ್ಲ. ಯಾಕಮ್ಮ, ಆಗ್ಬೇಕಿತ್ತಾ?" ಎಂದು ಕಣ್ಣರಳಿಸಿದರು. ನನಗೆ ನಿರಾಸೆಯೇ ಆಯಿತು, ಸುಳ್ಳೇಕೆ ಹೇಳಲಿ.

ಇನ್ನು ಮನೆಯಲ್ಲಿ ಒಂದು ಬ್ರೇಕರ್ ಬಿತ್ತೆನ್ನಿ, ಆಗ ನಮ್ಮ ಪಾಡು ಕೇಳಬಾರದು. ಅಡುಗೆಮನೆಯದು ಬಿದ್ದಿದೆ, ಮಿಕ್ಸಿ ಅರ್ಧಕ್ಕೆ ನಿಂತಿದೆ, ನನ್ನ ಗಂಡ ಆಫೀಸಿಗೆ ಹೊರಟು ನಿಂತಿದ್ದಾನೆ. ಬೇರೆ ಮನೆಯಲ್ಲಾದರೆ ಯಾರೋ ಒಬ್ಬರು ಹೋಗಿ ಎತ್ತಿ ಬರುತ್ತಾರೆ, ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಮಾವ ಮೊದಲು ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸುತ್ತಾರೆ. ಬಿದ್ದಾಗ ಯಾವುದು ಓಡುತ್ತಿತ್ತು, ಯಾರು ಯಾವ ಪ್ಲಗ್ಗಿಗೆ ಏನು ಚುಚ್ಚಿದ್ದರು, ಸುಟ್ಟ ವಾಸನೆ ಬಂತೇ, ಚರ್ ಎಂದಿತೇ ಎಂದು ಒಬ್ಬೊಬ್ಬರದೂ ಹೇಳಿಕೆ ಆಗಬೇಕು. ಆಮೇಲೆ ಪೆಟ್ಟಿಗೆಯ ಮುಚ್ಚಳಕ್ಕೆ ಅಂಗೈಯ ಹಿಂಬದಿ ಹಿಡಿದು ಬಿಸಿ ಇದೆಯೇ ನೋಡುತ್ತಾರೆ. ಬಿಸಿ ಇದ್ದರೆ, ವಾಸನೆ ಇದ್ದರೆ, ಅವತ್ತು ಯಾರೂ ಮುಟ್ಟುವಂತಿಲ್ಲ. ಇಲ್ಲವಾದರೆ ಆ ಸಾಲಿನ ಪ್ಲಗ್ಗುಗಳನ್ನೆಲ್ಲ ಕೀಳಿಸುತ್ತಾರೆ. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ರಬ್ಬರ್ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ನಿಂತು, ಮುಖ ಆಚೆ ತಿರುಗಿಸಿ, ಒಂದೇ ಕೈಯಲ್ಲಿ ಬ್ರೇಕರನ್ನು ಮೊದಲು ಪೂರ್ತಿ ಕೆಳಗೆ ಒತ್ತಿ ಆಮೇಲೆ ಮೇಲಕ್ಕೆ ಎತ್ತುತ್ತಾರೆ. ನಿಂತಿತೋ, ಕಿತ್ತ ಪ್ಲಗ್ಗುಗಳನ್ನು ಒಂದೊಂದಾಗಿ ಚುಚ್ಚಿಸಿ ಕಳ್ಳ ಯಾರೆಂದು ಹಿಡಿಯುತ್ತಾರೆ. ಇಷ್ಟಾದ ಮೇಲೆ ಪಾಠ. "ಒಂದು ಸಲ ಎತ್ತಬಹುದು. ಮತ್ತೆ ಬಿತ್ತೋ, ಮುಟ್ಟಬಾರದು. ಅದು ಏನೋ ಹೇಳ್ತಾ ಇದೆ, ಅದರ ಬಾಯಿ ಮುಚ್ಚಿಸಬಾರದು." ಒಟ್ಟು ನಲವತ್ತು ನಿಮಿಷ. ಅಷ್ಟು ಹೊತ್ತಿಗೆ ನನ್ನ ಗಂಡನ ಬಸ್ಸು ಹೋಗಿರುತ್ತದೆ, ಮಗಳ ಸಮವಸ್ತ್ರಕ್ಕೆ ಅರ್ಧ ಇಸ್ತ್ರಿ ಆಗಿರುತ್ತದೆ, ಅತ್ತೆ ದೇವರನ್ನೂ ಮಾವನನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿರುತ್ತಾರೆ.

ಹೀಗಾಗಿ ನಾವು ಒಂದು ವಿದ್ಯೆ ಕಲಿತೆವು. ಯಾರೂ ಯಾರಿಗೂ ಕಲಿಸಲಿಲ್ಲ, ತಾನಾಗಿ ಬಂತು. ಮಾವ ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೊರಟು ಏಳೂವರೆಗೆ ಬರುತ್ತಾರೆ. ಆ ಹೊತ್ತಿನಲ್ಲಿ ಏನೇ ಬಿದ್ದರೂ, ನೋಡಿದವರು ಸದ್ದಿಲ್ಲದೆ ಹೋಗಿ ಎತ್ತಿ ಬಂದು ಬಾಯಿಗೆ ಬೀಗ ಹಾಕಿಕೊಳ್ಳುವುದು. ಇನ್ನೊಬ್ಬರಿಗೆ ಹೇಳಿದರೆ ಮಾತು ಹೇಗೋ ಮಾವನ ಕಿವಿಗೆ ಬೀಳುತ್ತದೆ, ಹೇಳದಿದ್ದರೆ ಬೀಳುವುದಿಲ್ಲ. ಅಷ್ಟೇ ಲೆಕ್ಕ. ಆದರೆ ಅವರ ನಿಯಮವನ್ನು ಮಾತ್ರ ನಾವು ಮೀರಲಿಲ್ಲ. ಒಂದು ಸಲ ಎತ್ತಬಹುದು ತಾನೇ? ನಾನು ಎತ್ತಿದ್ದು ಒಂದೇ ಸಲ.

ಅದು ನಾಲ್ಕನೆಯದೇ. ಒಂದು ಮಂಗಳವಾರ ಬೆಳಿಗ್ಗೆ ಅತ್ತೆ ಬಚ್ಚಲಿನಿಂದ "ನೀರು ತಣ್ಣಗಿದೆಯಲ್ಲೇ" ಎಂದು ಕೂಗಿದರು. ಹೋಗಿ ನೋಡಿದರೆ ಬಿದ್ದಿತ್ತು. ಅತ್ತೆಗೆ ಎರಡೂ ಮಂಡಿ ನೋವು, ಬೆಳಿಗ್ಗೆ ಬಿಸಿನೀರು ಸುರಿದುಕೊಳ್ಳದಿದ್ದರೆ ಆ ದಿನ ಮೆಟ್ಟಿಲು ಹತ್ತಲಾರರು. ಮಾವನಿಗೆ ತಿಳಿದರೆ ಹೀಟರನ್ನೇ ಬಂದ್ ಮಾಡಿಸಿ, ಬಿಚ್ಚಿಸಿ, ನೋಡಿಸಿ, ಒಂದು ವಾರ ಅತ್ತೆಗೆ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಎತ್ತಿದೆ. ನಿಂತಿತು. ನೀರು ಕಾಯಿತು. ಅತ್ತೆ ಸಂತೋಷವಾಗಿ ಸ್ನಾನ ಮಾಡಿದರು.

ಭಾನುವಾರ ನನ್ನ ಗಂಡ ಗುಟ್ಟಿನಲ್ಲಿ, "ನಾಲ್ಕನೇದು ಶುಕ್ರವಾರ ಬಿದ್ದಿತ್ತು, ನಾನೇ ಎತ್ತಿದೆ. ಅಪ್ಪಂಗೆ ಹೇಳ್ಬೇಡ" ಎಂದ.

"ಮಂಗಳವಾರ ನಾನು ಎತ್ತಿದ್ದೆ" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೇಷ್ಟ್ರ ಮಗ, ಮೇಷ್ಟ್ರ ಸೊಸೆ. ಇಷ್ಟು ಪಾಠ ಕೇಳಿದವರು. ಆ ಕ್ಷಣ ಹೋಗಿ ಮಾವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ತರ್ಕ ಮಾಡಿದೆವು. ನೀರು ಚೆನ್ನಾಗಿ ಕಾಯುತ್ತಿದೆ, ಹಾಗಾದರೆ ಹೀಟರ್ ಸರಿಯಾಗಿದೆ. ಹೀಟರ್ ಸರಿ ಇದ್ದೂ ಬ್ರೇಕರ್ ಬೀಳುತ್ತಿದೆ, ಹಾಗಾದರೆ ಕೆಟ್ಟಿರುವುದು ಬ್ರೇಕರೇ. ನಾನು ಈ ಮನೆಗೆ ಬರುವ ಮೊದಲಿನದು, ಪ್ರತಿ ತಿಂಗಳು ಮಾವ ಒತ್ತಿ ಒತ್ತಿ ಅದರ ಜೀವ ತೆಗೆದಿದ್ದಾರೆ. ಪಾಪದ್ದು, ಮುದಿಯಾಗಿದೆ. ಬದಲಾಯಿಸಿಬಿಟ್ಟರೆ ಅತ್ತೆಗೆ ಬಿಸಿನೀರೂ ಉಂಟು, ಮನೆಗೆ ನೆಮ್ಮದಿಯೂ ಉಂಟು. ಇಷ್ಟು ಚೆಂದದ ತರ್ಕ ನಾನು ಜೀವಮಾನದಲ್ಲಿ ಮತ್ತೆ ಮಾಡಿಲ್ಲ.

ಬದಲಾಯಿಸಲು ಎಲೆಕ್ಟ್ರಿಶಿಯನ್ ಬೇಕಲ್ಲ. ತೊಡಕು ಬಂದದ್ದು ಅಲ್ಲೇ. ನಮ್ಮೂರಿನಲ್ಲಿ ಯಾರನ್ನು ಕರೆದರೂ ಮಾವನ ಶಿಷ್ಯನೇ. ಹೊಸಿಲು ದಾಟುವ ಮೊದಲೇ "ಮೇಷ್ಟ್ರಿದ್ದಾರಾ?" ಎನ್ನುತ್ತಾನೆ, ಕಾಲಿಗೆ ಬೀಳುತ್ತಾನೆ, ಸಂಜೆಯೊಳಗೆ ಗುಟ್ಟು ರಟ್ಟಾಗುತ್ತದೆ. ನನ್ನ ಗಂಡ ನಾಲ್ಕು ದಿನ ಹುಡುಕಿ ಪಕ್ಕದ ಪೇಟೆಯಿಂದ ಒಬ್ಬನನ್ನು ಗೊತ್ತುಮಾಡಿದ. ಅವನ ಅರ್ಹತೆ ಒಂದೇ: ಯಾವ ಶಾಲೆಗೂ ಹೋಗಿ ಕಲಿತವನಲ್ಲ. ಏನು ಹೇಳಿದರೂ "ಹೂಂ" ಎನ್ನುತ್ತಿದ್ದ, ಹೀಗಾಗಿ ನಮ್ಮಿಬ್ಬರ ನಡುವೆ ಅವನು ಹೂಂ ಅಣ್ಣ.

ಮಾವನಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಪರೀಕ್ಷೆಯಿದ್ದ ದಿನವನ್ನೇ ಆರಿಸಿದೆವು. ನನ್ನ ಗಂಡ ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋಗುವುದು, ಐದು ಗಂಟೆಯೊಳಗೆ ಮನೆಗೆ ತರದಿರುವುದು. ಈ ಮಗನ ಪಿತೃಭಕ್ತಿಯನ್ನು ಕಂಡು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು. ನಾನು ಮನೆಯಲ್ಲಿದ್ದು ಕೆಲಸ ಮಾಡಿಸುವುದು.

ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಮೂರಕ್ಕೆ ಹೂಂ ಅಣ್ಣ ಬಂದ. ಮೇನ್ ಸ್ವಿಚ್ಚನ್ನು ಮುಟ್ಟಲಿಲ್ಲ. ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಚ್ಚಳ ಬಿಚ್ಚಿದ. ನಾನು ಟಾರ್ಚ್ ಹಿಡಿದು ನಿಂತೆ. ಮಾವನ ಮಾತು ಗಂಟಲವರೆಗೆ ಬಂತು, "ಮೊದಲು ಆಫ್ ಮಾಡಪ್ಪ" ಎಂದು. ಎಲ್ಲಿ ಮೇಷ್ಟ್ರ ಮನೆಯವಳೆಂದು ತಿಳಿದು ಓಡಿಹೋಗುತ್ತಾನೋ ಎಂದು ನುಂಗಿಕೊಂಡೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ. ನೋಡಿದರೆ ಹೊಸದರಲ್ಲಿ ಗುಂಡಿ ಇರಲಿಲ್ಲ.

"ಇದರಲ್ಲಿ ಗುಂಡಿ ಇಲ್ವಲ್ಲ?" ಎಂದೆ.

"ಗುಂಡಿ ಇರೋದೇ ಬೀಳೋದು ಮೇಡಂ. ಇದು ಸಾದಾ. ಇನ್ನು ನಿಮಗೆ ತೊಂದರೆ ಕೊಡಲ್ಲ."

"ಗಟ್ಟಿ ತಾನೇ?"

"ಹೂಂ."

ಎಷ್ಟು ಸಲ ಬಿದ್ದಿತ್ತು, ಯಾವಾಗ ಬಿದ್ದಿತ್ತು ಎಂದು ಅವನು ಕೇಳಲಿಲ್ಲ. ಹೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಮಾವನ ಶಿಷ್ಯರಾದರೆ ಇದಕ್ಕೆ ಅರ್ಧ ದಿನ ತಲೆ ತಿನ್ನುತ್ತಿದ್ದರು, ಇವನು ಕಾಲು ಗಂಟೆಯಲ್ಲಿ ಮುಗಿಸಿ ಹೊರಟ. ಎಷ್ಟು ಚುರುಕಿನ ಮನುಷ್ಯ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಹಳೆಯದನ್ನು ಕಾಗದದಲ್ಲಿ ಸುತ್ತಿ ಹಿತ್ತಲ ಕಸದ ಡಬ್ಬಿಗೆ ಹಾಕಿದೆ.

ಅವತ್ತು ಬೆಳಿಗ್ಗೆ ನಾನು ಏನೋ ನೆಪ ಹೇಳಿ ಹೀಟರ್ ಹಾಕಿರಲಿಲ್ಲ, ಅತ್ತೆಯ ಸ್ನಾನ ಸಂಜೆಗೆ ಉಳಿದಿತ್ತು. ನಾಲ್ಕೂವರೆಗೆ ಹೊಸ ಬ್ರೇಕರ್ ಎತ್ತಿದೆ. ಗಟ್ಟಿಯಾಗಿ ನಿಂತಿತು. ಹೀಟರಿನ ಕೆಂಪು ದೀಪ ಹತ್ತಿತು. ಅತ್ತೆ ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಅವರದೊಂದು ಕ್ರಮವಿದೆ. ಮೊದಲು ಸ್ಟೂಲಿನ ಮೇಲೆ ಕೂತು ಕಾಲು ಗಂಟೆ ಮಂಡಿಗೆ ಎಣ್ಣೆ ತಿಕ್ಕುತ್ತಾರೆ, ಬಕೆಟ್ಟಿನ ತಣ್ಣೀರಿನಲ್ಲಿ ಮುಖಕ್ಕೆ ಮೈಗೆ ಸೋಪು ಹಚ್ಚುತ್ತಾರೆ, ಬಿಸಿನೀರಿನ ನಲ್ಲಿಯನ್ನು ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ. ಹಿತ್ತಾಳೆಯ ದೊಡ್ಡ ನಲ್ಲಿ ಅದು, ಅವರ ತವರಿನ ಕಡೆಯ ಪ್ಲಂಬರ್ ಹಾಕಿಕೊಟ್ಟದ್ದು.

ನಾಲ್ಕು ಮುಕ್ಕಾಲಿಗೆ ಬಾಗಿಲು ಬಡಿಯಿತು. ಆಸ್ಪತ್ರೆಯಲ್ಲಿ ಜನವಿರಲಿಲ್ಲವಂತೆ, ಬೇಗ ಮುಗಿದುಬಿಟ್ಟಿತು. ನನ್ನ ಗಂಡ ದಾರಿಯಲ್ಲಿ ಎರಡು ಕಡೆ ಕಾಫಿ ಕುಡಿಸಿದರೂ ಮುದುಕರು ನಿಲ್ಲಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿ, ಕಪ್ಪು ಕನ್ನಡಕ ಕೊಟ್ಟು ಕಳಿಸಿದ್ದರು, ಎದುರಿಗಿದ್ದವರು ಬರೀ ನೆರಳಾಗಿ ಕಾಣುತ್ತಿದ್ದರಂತೆ. ಗಂಡ ಹಿಂದಿನಿಂದ ನನಗೆ ಕಣ್ಣಿನಲ್ಲೇ ಕೇಳಿದ, ಆಯ್ತಾ? ನಾನು ಕಣ್ಣಿನಲ್ಲೇ ಹೇಳಿದೆ, ಆಯ್ತು. ಮಾವನಿಗೆ ಕಣ್ಣು ಕಾಣದಿರುವುದು ನಮ್ಮ ಪುಣ್ಯ ಎಂದುಕೊಂಡೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಹಾಗೇ ಅಂದುಕೊಂಡೆ.

ಹೊರಗಿನಿಂದ ಬಂದವರು ಕೈಕಾಲು ತೊಳೆಯಲು ಬಚ್ಚಲ ಕಡೆ ಹೋಗುವಾಗ ಮಾವ ಪೆಟ್ಟಿಗೆಯ ಮೇಲೊಂದು ಕಣ್ಣು ಹಾಯಿಸುತ್ತಾರೆ. ಅವತ್ತು ಕಣ್ಣಿರಲಿಲ್ಲ, ಬೆರಳು ಹಾಯಿಸಿದರು. ಗೋಡೆ ಹಿಡಿದುಕೊಂಡು ಬಂದು, ಮುಚ್ಚಳ ಸರಿಸಿ, ತೋರುಬೆರಳಿನಿಂದ ಸಾಲನ್ನು ಸವರಿದರು. ಒಂದು, ಎರಡು, ಮೂರು. ನಾಲ್ಕರ ಮೇಲೆ ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಮುಂದೆ ಬಂತು. ಗುಂಡಿಯಿರಬೇಕಾದ ಜಾಗದಲ್ಲಿ ಉಗುರಿನಿಂದ ಕೆರೆಯಿತು.

"ಇದು ನನ್ನದಲ್ಲ" ಎಂದರು.

"ಬಚ್ಚಲಲ್ಲಿ ಯಾರಿದ್ದಾರೆ?"

"ಅತ್ತೆ" ಎಂದೆ.

ಅವತ್ತು ಅವರು ಹೇಳಿಕೆ ತೆಗೆದುಕೊಳ್ಳಲಿಲ್ಲ, ವಾಸನೆ ನೋಡಲಿಲ್ಲ, ಪಕ್ಕಕ್ಕೆ ಸರಿದು ನಿಲ್ಲಲಿಲ್ಲ. ಅಂಗೈಯಿಂದ ಹೊಡೆದು ಮೇನ್ ಸ್ವಿಚ್ ಕೆಳಗೆ ಹಾಕಿದರು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಕೋಣೆಯಿಂದ ಮಗಳು "ನನ್ನ ಹೋಮ್‌ವರ್ಕ್ ಹೋಯ್ತು!" ಎಂದು ಕಿರುಚಿದಳು. ಬಚ್ಚಲಿನೊಳಗಿಂದ ಅತ್ತೆಯ ದನಿ ಸಿಡಿಲಿನ ಹಾಗೆ ಬಂತು. "ಯಾರದು ಕರೆಂಟು ತೆಗ್ದಿದ್ದು? ಕಣ್ಣ ತುಂಬ ಸೋಪು ನನಗೆ! ಈಗ ನಲ್ಲಿ ತಿರುಗಿಸೋಣ ಅಂತ ಕೈ ಹಾಕ್ತಿದ್ದೆ, ಕತ್ತಲೆ ಮಾಡಿಬಿಟ್ರಿ!"

ಮಾವ ಬಾಗಿಲಿಗೆ ಹಣೆ ಆನಿಸಿ ನಿಂತರು. "ನಾನೇ ಕಣೇ. ತಣ್ಣೀರಲ್ಲೇ ತೊಳ್ಕೊಂಡು ಬಂದ್ಬಿಡು."

"ಮಂಡಿ ಸೆಳೆತ ನಿಮಗೇನು ಗೊತ್ತು! ಕಣ್ಣಿಗೆ ಔಷಧಿ ಹಾಕಿದ್ರೆ ತಲೆಗೂ ಏರಿತಾ?"

"ಏರಿದೆ. ನೀನು ಬಾ."

ಒಳಗೆ ಚೊಂಬಿನ ಸದ್ದು ಕೇಳುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ.

ಆಮೇಲೆ ಹಜಾರದಲ್ಲಿ, ಕಿಟಕಿಯ ಬೆಳಕಿನಲ್ಲಿ, ಎಲ್ಲರೂ ಕೂತೆವು. ಕಪ್ಪು ಕನ್ನಡಕದ ಹಿಂದೆ ಅವರ ಮುಖ ಏನು ಹೇಳುತ್ತಿದೆಯೋ ತಿಳಿಯುತ್ತಿರಲಿಲ್ಲ. ನಾನೇ ಬಾಯಿ ಬಿಟ್ಟೆ. ಹೂಂ ಅಣ್ಣ, ಸಾದಾ ಬ್ರೇಕರು, ಕಸದ ಡಬ್ಬಿ, ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಳೇದು ಎಷ್ಟು ಸಲ ಬಿದ್ದಿತ್ತು?" ಎಂದಷ್ಟೇ ಕೇಳಿದರು.

"ನಾನು ಎತ್ತಿದ್ದು ಒಂದೇ ಸಲ ಮಾವ."

"ನಾನೂ ಒಂದೇ ಸಲ" ಎಂದ ನನ್ನ ಗಂಡ.

ಮಗಳು ಹೋಮ್‌ವರ್ಕ್ ಪುಸ್ತಕ ಎದೆಗೆ ಅವುಚಿಕೊಂಡು ನಿಂತಿದ್ದಳು. ಹನ್ನೆರಡು ವರ್ಷ ಅವಳಿಗೆ. "ನಾನೂ ಎತ್ತಿದ್ದೆ ತಾತ" ಎಂದಳು ಸಣ್ಣಗೆ. "ಒಂದೇ ಸಲ. ಚಪ್ಪಲಿ ಹಾಕ್ಕೊಂಡು, ಕೈ ಒರೆಸ್ಕೊಂಡು, ಪಕ್ಕಕ್ಕೆ ನಿಂತ್ಕೊಂಡು."

ಅವಳೂ?

ಅತ್ತೆ ತಲೆ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದರು. ಇನ್ನೂ ಕುದಿಯುತ್ತಿದ್ದರು. "ನಾನೂ ಹೋದ ವಾರ ಎತ್ತಿದ್ದೆ, ಅದಕ್ಕೇನೀಗ? ಸ್ನಾನದ ಮಧ್ಯ ನಿಂತೋಯ್ತು, ಬಂದು ಎತ್ತಿ ಹೋದೆ. ಒಂದೇ ಸಲ. ಎರಡನೇ ಸಲ ಮುಟ್ಟಬಾರದು ಅಂತ ನನಗೂ ಗೊತ್ತು, ನಲವತ್ತು ವರ್ಷದಿಂದ ಕೇಳಿದೀನಿ" ಎಂದು ಹೇಳಿ ಅಡುಗೆಮನೆಗೆ ನಡೆದರು, ಮಂಡಿಗೆ ಬಿಸಿನೀರು ಕಾಯಿಸಲು.

ಸ್ನಾನದ ಮಧ್ಯೆ ಬಂದರೆ ಅತ್ತೆ ಚಪ್ಪಲಿ ಹಾಕಿಕೊಂಡಿರಲಿಲ್ಲ, ಕೈ ಒರೆಸಿಕೊಂಡಿರಲಿಲ್ಲ. ಇದು ನಮ್ಮೆಲ್ಲರಿಗೂ ಹೊಳೆಯಿತು, ಯಾರೂ ಹೇಳಲಿಲ್ಲ.

ಮಾವ ಬೆರಳು ಮಡಚಿ ಎಣಿಸಿದರು. "ನಾಲ್ಕು" ಎಂದರು. "ನಾಲ್ಕು ಸಲ ಕೂಗಿದೆ ಅದು. ಒಬ್ಬೊಬ್ಬರ ಹತ್ರ ಒಂದೊಂದು ಸಲ. ನೀವು ನಾಲ್ಕೂ ಜನ ನನ್ನ ಪಾಠದಲ್ಲಿ ಪಾಸು, ಒಬ್ಬರೂ ತಪ್ಪು ಮಾಡಿಲ್ಲ." ಮಡಚಿದ ಬೆರಳು ಬಿಡಿಸಿದರು. "ನನಗೆ ಯಾಕೆ ಹೇಳಲಿಲ್ಲ?"

ಮಗಳೇ ಹೇಳಿದಳು. "ಹೇಳಿದ್ರೆ ತುಂಬ ಹೊತ್ತಾಗತ್ತಲ್ಲ ತಾತ."

ಅವರು ತಲೆಯಾಡಿಸಿದರು. ಶಾಲೆಯಲ್ಲಿ ಯಾವನೋ ವಿದ್ಯಾರ್ಥಿ ಸರಿಯಾದ ಉತ್ತರ ಕೊಟ್ಟಾಗ ಹೀಗೇ ಆಡಿಸುತ್ತಿದ್ದಿರಬೇಕು. "ಕರೆಂಟಿಗೆ ಹೆದರಲಿ ಅಂತ ಹೇಳಿಕೊಟ್ಟೆ" ಎಂದರು. "ನೀವು ನನಗೆ ಹೆದರೋದು ಕಲಿತ್ರಿ."

ನನಗೆ ಅಳು ಬಂತು. ಅತ್ತು ಹಗುರಾಗುವ ಯೋಗ್ಯತೆಯೂ ನನಗಿಲ್ಲವೆನಿಸಿ ಹಲ್ಲು ಕಚ್ಚಿ ಕೂತೆ.

ಮರುದಿನ ಬೆಳಿಗ್ಗೆ ಮಾವನ ಹಳೆಯ ಶಿಷ್ಯನೊಬ್ಬ ಬಂದ. ತಲೆಯೆಲ್ಲ ನರೆತವನು, ಆದರೂ ಮೇಷ್ಟ್ರ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಮೊದಲು ಮೇನ್ ಆಫ್ ಮಾಡಿದ, ಟೆಸ್ಟರ್ ಹಿಡಿದು ಆಫ್ ಆಗಿರುವುದನ್ನು ಎರಡು ಕಡೆ ನೋಡಿದ, ಆಮೇಲೆ ಹೀಟರಿನ ತಳ ಬಿಚ್ಚಿದ. ಒಳಗಿನ ಕಾಯಿಸುವ ಸುರುಳಿ ಉದ್ದಕ್ಕೆ ಸೀಳಿ, ಕರೆಂಟು ನೀರಿಗೆ ಸೋರುವ ಹಾಗಾಗಿತ್ತು. ಹಾಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥ್ ವೈರಿನ ಸ್ಕ್ರೂ ತುಕ್ಕು ಹಿಡಿದು, ವೈರು ಮುಟ್ಟಿಯೂ ಮುಟ್ಟದ ಹಾಗೆ ಜೋತಿತ್ತು. ಅವನು ಬೆರಳು ತಾಗಿಸಿದ್ದೇ ತಡ, ಕೈಗೇ ಬಂತು.

"ಈ ವೈರು ತಾಗಿದಾಗೆಲ್ಲ ಹಳೆ ಬ್ರೇಕರ್ ಬಿದ್ದಿದೆ ಮೇಷ್ಟ್ರೇ" ಎಂದ. "ಅದೊಂದೇ ಕಾವಲಿದ್ದದ್ದು. ಅದನ್ನ ತೆಗೆದ ಮೇಲೆ ಸಾದಾದು ಇದ್ದೂ ಒಂದೇ, ಇಲ್ದಿದ್ರೂ ಒಂದೇ. ನಿನ್ನೆ ಸಂಜೆ ಅಮ್ಮ ಆ ನಲ್ಲಿ ಏನಾದ್ರೂ..."

ಮಾವ ತುಟಿಯ ಮೇಲೆ ಬೆರಳಿಟ್ಟರು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು. ಶಿಷ್ಯ ಮಾತು ನುಂಗಿಕೊಂಡ. ನಾನು ಬಚ್ಚಲ ಬಾಗಿಲು ಹಿಡಿದು ನಿಂತಿದ್ದೆ, ಆ ಹಿತ್ತಾಳೆ ನಲ್ಲಿಯನ್ನೇ ನೋಡುತ್ತಾ. ಟಾರ್ಚು ಹಿಡಿದವಳು ನಾನು.

ಹೊಸ ಹೀಟರ್ ಬಂತು, ಗುಂಡಿಯಿರುವ ಬ್ರೇಕರ್ ಮತ್ತೆ ಬಂತು. ಅತ್ತೆಗೆ ಹೇಳಿದ್ದು ಇಷ್ಟೇ: ಹೀಟರ್ ಹಳೆಯದಾಗಿತ್ತು, ಬದಲಾಯಿಸಿದೆವು. ಈಗ ಏನೇ ಬಿದ್ದರೂ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತೇವೆ, ಪಕ್ಕದ ಮನೆಗೂ ಕೇಳಿಸುತ್ತದೆ. ಮಾವ ಬಂದು ಐದು ನಿಮಿಷದಲ್ಲಿ ನೋಡಿ ಮುಗಿಸುತ್ತಾರೆ. ಪಾಠ ನಾಲಿಗೆಯ ತುದಿಗೆ ಬಂದಿರುತ್ತದೆ, ನಮಗೆ ಕಾಣುತ್ತದೆ, ನುಂಗಿಕೊಂಡು ಹೋಗಿ ಕೂರುತ್ತಾರೆ.

ಅತ್ತೆಗೆ ಮಾತ್ರ ಆ ಸಂಜೆಯ ಸಿಟ್ಟು ಇಳಿದಿಲ್ಲ. ಮನೆಗೆ ಯಾರೇ ನೆಂಟರು ಬರಲಿ, ಆ ಕಥೆ ಹೊರಗೆ ಬರುತ್ತದೆ, ಬರುತ್ತಾ ಬರುತ್ತಾ ಬೆಳೆದೂ ಇದೆ. ಹೋದ ತಿಂಗಳು ಅವರ ತಂಗಿ ಬಂದಿದ್ದಾಗಲೂ ಶುರುಮಾಡಿದರು. "ಇವರ ಕರೆಂಟಿನ ಹುಚ್ಚು ಗೊತ್ತಲ್ಲ ನಿನಗೆ. ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ಬಂದವರು, ಕುರುಡರ ಹಾಗೆ ತಡಕಾಡಿ ಮೇನ್ ತೆಗೆದುಬಿಟ್ರು! ನಾನು ಒಳಗೆ, ಮೈಯೆಲ್ಲ ಸೋಪು, ನಲ್ಲಿ ಮೇಲೆ ಕೈ ಇಡೋಕೆ ಇಷ್ಟೇ ಇತ್ತು" ಎಂದು ಎರಡು ಬೆರಳಿನ ನಡುವೆ ಚೂರು ಜಾಗ ಬಿಟ್ಟು ತೋರಿಸಿದರು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಕ್ಕರು.

ನನಗೆ ತಡೆಯಲಾಗಲಿಲ್ಲ. "ಅತ್ತೆ, ಅವತ್ತು..." ಎಂದು ಬಾಯಿ ತೆರೆದೆ. ಮಾವ ಕೂತಲ್ಲಿಂದಲೇ ನನ್ನ ಕಡೆ ನೋಡಿ ತಲೆಯಲ್ಲಾಡಿಸಿದರು. ಕಾಫಿ ಲೋಟ ಒಳಗಿಡುವ ನೆಪದಲ್ಲಿ ಅಡುಗೆಮನೆಗೆ ಬಂದು, ಮೆಲ್ಲಗೆ, "ಬೇಡಮ್ಮ. ಗೊತ್ತಾದ್ರೆ ಅವಳು ಮತ್ತೆ ಆ ನಲ್ಲಿ ಮುಟ್ಟಲ್ಲ. ಬೆಚ್ಚಗೆ ಸ್ನಾನ ಮಾಡ್ಕೊಂಡಿರಲಿ" ಎಂದರು.

ಹಜಾರದಿಂದ ಅತ್ತೆ ಕೂಗುತ್ತಿದ್ದರು. "ಎಲ್ಲಿಗೆ ಹೋದ್ರಿ? ಬನ್ನಿ ಇಲ್ಲಿ, ನನ್ನ ತಂಗಿ ಮುಂದೆ ಹೇಳಿ ನೋಡೋಣ, ಅವತ್ತು ಅಂಥಾದ್ದೇನಾಗಿತ್ತು ಅಂತ ನನ್ನ ಸ್ನಾನ ಕೆಡಿಸಿದ್ದು?"

ಮಾವ ಪಂಚೆಗೆ ಕೈ ಒರೆಸಿಕೊಂಡರು. "ಏನೂ ಆಗಿರಲಿಲ್ಲ ಕಣೇ" ಎನ್ನುತ್ತಾ ಇನ್ನೊಂದು ಸುತ್ತು ಬೈಸಿಕೊಳ್ಳಲು ಹೊರಗೆ ಹೋದರು.